ಕಲ್ಲಿನ ಮೇಲಣ ಬಣ್ಣ

ನಮ್ಮ ಊರು ಹುಣಸೂರು ತಾಲ್ಲೂಕಿನಲ್ಲಿ, ಲಕ್ಷ್ಮಣತೀರ್ಥ ನದಿಗೆ ಸಮೀಪವಾಗಿರುವುದು. ಊರ ಮುಂದೆ ಹಳೆಯದೊಂದು ಕಲ್ಲುಗುಡಿಯುಂಟು. ಮಾಘಮಾಸದ ಜಾತ್ರೆಯ ಹೊತ್ತಿಗೆ ಗುಡಿಯ ಗೋಡೆಗಳ ಕಪ್ಪನ್ನೆಲ್ಲ ತೆಗೆಯಿಸಿ ಕಲ್ಲು ಹೊಸದರಂತೆ ಹೊಳೆಯುವ ಹಾಗೆ ಮಾಡಬೇಕೆಂದು ಗ್ರಾಮದ ಹಿರಿಯರು ನಿಶ್ಚಯಿಸಿ, ಕಳೆದ ಆಶ್ವಯುಜದಲ್ಲಿ ಚಂದಾಪುಸ್ತಕವನ್ನು ಹಿಡಿದು ನಮ್ಮ ಮನೆಗೆ ಬಂದರು. ಆಮ್ಲವನ್ನು ಸುರಿದು ತಂತಿಯ ಕುಂಚದಿಂದ ಉಜ್ಜುವ ಕೂಲಿಯವರನ್ನು ಆಗಲೇ ಗೊತ್ತುಮಾಡಿದ್ದರು. ನಾವು ಚಂದಾ ಬರೆಯದೆ ಒಂದು ತಿಂಗಳ ಗಡುವನ್ನು ಬೇಡಿದೆವು.

ಹೀಗೆ ಬೇಡುವುದಕ್ಕೆ ಕಾರಣವಿದ್ದಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ಇದೇ ಗುಡಿಯನ್ನು ಇದೇ ರೀತಿಯಾಗಿ ತೊಳೆಯಿಸಿದವರಲ್ಲಿ ನಾವೂ ಸೇರಿದ್ದೆವು. ಮುಂದೆ ನಿಂತು ಮಾಡಿಸಿದವರು ನಾವೇ ಎಂದರೂ ಸಲ್ಲುವುದು. ಬಾಗಿಲಿನ ಪಕ್ಕದಲ್ಲಿ ಬಳಪದ ಕಲ್ಲಿನದೊಂದು ಫಲಕವಿದ್ದು, ಅದರಲ್ಲಿ ಎಂಟು ಸಾಲಿನ ಹಳಗನ್ನಡ ಬರಹವಿದ್ದಿತು. ಮೈಯೆಲ್ಲ ಕಪ್ಪಡರಿದ್ದ ಆ ಕಲ್ಲು ಸಂಜೆಯ ಹೊತ್ತಿಗೆ ಬೂದಿಬಣ್ಣಕ್ಕೆ ತಿರುಗಿ ನುಣ್ಣಗಾಯಿತು. ಊರೆಲ್ಲ ನೋಡಿ ಸಂತೋಷಪಟ್ಟಿತು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪು ಮರಳಿ ಬಂದಿತು. ಅಕ್ಷರಗಳು ಮರಳಿ ಬರಲಿಲ್ಲ. ಬಿ. ಎಲ್. ರೈಸರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳಿವೆಯಷ್ಟೆ. ಅದನ್ನು ಮೊದಲಿಂದ ಕಡೆಯವರೆಗೆ ಹುಡುಕಿದೆವು. ನಮ್ಮ ಕಲ್ಲು ಅದರಲ್ಲಿಲ್ಲ. ಆ ಎಂಟು ಸಾಲುಗಳಲ್ಲಿ ಯಾರು ಯಾರಿಗೆ ಏನನ್ನು ಕೊಟ್ಟರೆಂದು ಬರೆದಿತ್ತೋ ಇನ್ನು ಯಾರೂ ಅರಿಯರು.

ಆದುದರಿಂದ ಈ ಸಾರಿ, ತೊಳೆಯುವುದಕ್ಕೆ ಮುನ್ನ ಆ ಕಪ್ಪು ಏನೆಂಬುದನ್ನಾದರೂ ತಿಳಿಯಬೇಕೆಂದು ಮನಸ್ಸಾಯಿತು. ರಸಾಯನಶಾಸ್ತ್ರದ ಅಧ್ಯಾಪಕರಾದ ನಮ್ಮ ಮಿತ್ರರೊಬ್ಬರಿಗೆ ಕಾಗದ ಬರೆದೆವು. ಅವರು, "ಒಂದು ಗುಡಿಯನ್ನು ನೋಡಿ ಹೇಳುವುದಲ್ಲ; ನಿಮ್ಮ ಸುತ್ತಣ ನಾಲ್ಕು ತಾಲ್ಲೂಕುಗಳ ಕಲ್ಲನ್ನೂ ನೋಡೋಣ" ಎಂದು ಉತ್ತರವಿತ್ತು, ಕಾರ್ತಿಕದ ಒಂದು ಬೆಳಿಗ್ಗೆ ಕೈಯಲ್ಲೊಂದು ಭೂತಗನ್ನಡಿಯನ್ನು ಹಿಡಿದು ಬಂದಿಳಿದರು. ನಮ್ಮ ಮನೆಯಾಕೆಯೂ ಬುತ್ತಿಯನ್ನು ಕಟ್ಟಿಕೊಂಡು ಜೊತೆಗೆ ಹೊರಟರು.

ಮೊದಲ ದಿನ ಕೃಷ್ಣರಾಜನಗರದ ಸೀಮೆ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತ ಈ ಪಟ್ಟಣ ಹೊಸದು. ಹಳೆಯ ಊರು ಕಾವೇರಿಯ ದಂಡೆಯ ಎಡತೊರೆ. ಹೊಳೆಯು ಇಲ್ಲಿ ಎಡಕ್ಕೆ ತಿರುಗುವುದರಿಂದ ಈ ಹೆಸರು ಬಂದಿತೆಂದು ಹೇಳುವರು. ಅರ್ಕೇಶ್ವರನ ದರ್ಶನವನ್ನು ಮಾಡಿಕೊಂಡು ಹೊಳೆಯ ಕಡೆಗೆ ಇಳಿದೆವು. ನೀರಿನ ಅಂಚಿನ ಕಲ್ಲುಗಳ ಮೇಲೆ ಹಸುರು ಪಾಚಿ ಹಬ್ಬಿ ಕಾಲು ಜಾರುವಂತಿದ್ದಿತು. "ಇದು ಎಲೆಯ ಹಸುರೇ. ಪತ್ರಹರಿತ್ತೆಂಬ ಇದೇ ವಸ್ತು ನಿಮ್ಮ ತುಳಸಿಯಲ್ಲಿಯೂ ಇರುವುದು. ಇದನ್ನು ಗುರುತಿಸಲು ಯಂತ್ರ ಬೇಡ. ಕಷ್ಟವಿರುವುದು ಕಪ್ಪಿನಲ್ಲಿ, ಕೆಂಪಿನಲ್ಲಿ" ಎಂದು ಮಿತ್ರರು ಹೇಳಿದರು.

ಅಲ್ಲಿಂದ ಚಿಕ್ಕಹನಸೋಗೆಗೆ ಹೋದೆವು. ಶಾಸನಗಳಲ್ಲಿ ಪನಸೋಗೆಯೆಂದು ಪ್ರಸಿದ್ಧವಾದ ಈ ಗ್ರಾಮ ಒಂದು ಕಾಲಕ್ಕೆ ಜೈನರ ದೊಡ್ಡ ಕೇಂದ್ರವಾಗಿದ್ದಿತು. ಮೂರು ಗರ್ಭಗೃಹಗಳುಳ್ಳ ಆದಿನಾಥನ ಬಸದಿ ಈಗಲೂ ನಿಂತಿರುವುದು. ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ಚಂಗಾಳ್ವರು ಈ ಬಸದಿಗಳಿಗೆ ಆಶ್ರಯವಿತ್ತ ಸಂಗತಿ ನಮಗೆ ತಿಳಿದಿರುವುದು ಇಲ್ಲಿಯ ಕಲ್ಲಿನ ಬರಹಗಳಿಂದಲೇ. ಆ ಅಕ್ಷರಗಳನ್ನು ಯಾರಾದರೂ ನಮ್ಮಂತೆ ಉಜ್ಜಿ ತೊಳೆದಿದ್ದರೆ ಚಂಗಾಳ್ವರ ಕಥೆಯಲ್ಲಿ ಎಷ್ಟು ಪುಟಗಳು ಬರಿದಾಗುತ್ತಿದ್ದುವೋ ಎಂದು ಯೋಚಿಸುತ್ತ ಬಹಳ ಹೊತ್ತು ಅಲ್ಲಿ ಕುಳಿತಿದ್ದೆವು.

ಮಧ್ಯಾಹ್ನ ಚುಂಚನಕಟ್ಟೆಯಲ್ಲಿ ಕೋದಂಡರಾಮನ ದರ್ಶನವಾಯಿತು. ಸೀತಾದೇವಿಯು ಇಲ್ಲಿ ರಾಮನ ಬಲಗಡೆಗೆ ನಿಂತಿರುವುದು ವಿಶೇಷ. ಧುಮ್ಮಿಕ್ಕುವ ಕಾವೇರಿಯೆದುರಿಗೆ ಬುತ್ತಿಯನ್ನು ಬಿಚ್ಚಿದೆವು. ತುಂತುರಿನಲ್ಲಿ ಕಾಮನಬಿಲ್ಲು ಮೂಡಿ ಮಾಯವಾಗುತ್ತಿದ್ದಿತು. ಅದನ್ನು ತೋರಿಸಿಯೇ ಮಿತ್ರರು ತಮ್ಮ ಪಾಠಕ್ಕೆ ತೊಡಗಿದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ನರು ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿಯನ್ನು ಕಂಡು, ಇದು ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತಿರಬೇಕೆಂದು ತರ್ಕಿಸಿದರು. ಆ ಜಾಡನ್ನು ಹಿಡಿದು ಏಳು ವರ್ಷ ದುಡಿದು, ಕೆ. ಎಸ್. ಕೃಷ್ಣನ್ನರೊಡಗೂಡಿ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡರು. ಅದನ್ನು ಕುರಿತ ಪ್ರಸಿದ್ಧವಾದ ಉಪನ್ಯಾಸವನ್ನು ಮಾರ್ಚಿ 16ರಂದು ಅವರು ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. 1930ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. 1933ರಲ್ಲಿ ಅವರು ಬೆಂಗಳೂರಿಗೇ ಬಂದು ನೆಲೆಸಿ, 1948ರಲ್ಲಿ ತಮ್ಮ ಸಂಶೋಧನಾಲಯವನ್ನು ಅಲ್ಲಿ ಸ್ಥಾಪಿಸಿದರು.

ಪರಿಣಾಮವೇನೆಂಬುದನ್ನು ಮಿತ್ರರು ಹೀಗೆ ವಿವರಿಸಿದರು. ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಬಿಟ್ಟರೆ, ಚದರಿ ಬರುವ ಬೆಳಕು ಬಹುಮಟ್ಟಿಗೆ ಹೋದ ಬಣ್ಣದಲ್ಲಿಯೇ ಬರುವುದು. ಆದರೆ ಸುಮಾರು ಕೋಟಿಯಲ್ಲೊಂದು ಕಣವು ಆ ವಸ್ತುವಿನ ಅಣುವನ್ನು ಸ್ವಲ್ಪ ಅಲುಗಿಸಿ, ಅದಕ್ಕೆ ತಕ್ಕ ಶಕ್ತಿಯನ್ನು ಅಲ್ಲಿ ಕೊಟ್ಟು, ಬಣ್ಣವನ್ನು ತುಸು ಬದಲಿಸಿಕೊಂಡು ಬರುವುದು. ಯಾವ ಅಣು ಯಾವ ಲಯದಲ್ಲಿ ಅಲುಗುವುದೋ ಅದರ ಮೇಲೆ ಈ ಬದಲಾವಣೆ ನಿಲ್ಲುವುದು. ಬಂದ ಬೆಳಕನ್ನು ಬಿಡಿಸಿ ನೋಡಿದರೆ ಕಾಗದದ ಮೇಲೆ ಏರಿಳಿತದ ಗೆರೆಯೊಂದು ಮೂಡುವುದು. ಅದರ ಶಿಖರಗಳು ಎಲ್ಲೆಲ್ಲಿ ನಿಂತಿವೆಯೆಂಬುದೇ ಆ ವಸ್ತುವಿನ ಗುರುತು. ನಾಣ್ಯವನ್ನು ಕಲ್ಲಿಗೆ ಬಡಿದು ದನಿಯಿಂದ ಅದರ ಸಾಚಾತನವನ್ನು ತಿಳಿಯುವಂತೆ ಇದು. ರಾಮನ್ನರು ಸೂರ್ಯನ ಬೆಳಕನ್ನೂ ಪಾದರಸದ ದೀಪವನ್ನೂ ಉಪಯೋಗಿಸಿದರು. ಇಂದು ಆ ಸ್ಥಾನದಲ್ಲಿ ಲೇಸರ್ ಕಿರಣವಿದೆ. ಗೋಡೆಯ ಬಳಿಗೇ ಕೈಯಲ್ಲಿ ಹಿಡಿದು ಒಯ್ಯಬಹುದಾದ ಯಂತ್ರಗಳೂ ಬಂದಿವೆ. ಕಲ್ಲನ್ನು ಕೆರೆಯಬೇಕಾದುದಿಲ್ಲ, ಮುಟ್ಟಬೇಕಾದುದೂ ಇಲ್ಲ. 2021ರಲ್ಲಿ ಮಂಗಳಗ್ರಹದಲ್ಲಿ ಇಳಿದ ಅಮೆರಿಕದ ಬಂಡಿಯೂ ಅಲ್ಲಿಯ ಕಲ್ಲುಗಳನ್ನು ಪರೀಕ್ಷಿಸಲು ಇದೇ ಬಗೆಯ ಉಪಕರಣವನ್ನು ಹೊತ್ತು ಹೋಗಿದೆ.

ಎರಡನೆಯ ದಿನ ಪಿರಿಯಾಪಟ್ಟಣದ ಕಡೆಗೆ ತಿರುಗಿ ಬೆಟ್ಟದಪುರವನ್ನು ಸೇರಿದೆವು. ಸಿಡಿಲು ಮಲ್ಲಿಕಾರ್ಜುನನ ಗುಡಿಯು ಬೆಟ್ಟದ ನೆತ್ತಿಯಲ್ಲಿರುವುದು. ಸ್ವಾಮಿಯ ಮೇಲೆ ಸಿಡಿಲೆರಗಿ ಅಭಿಷೇಕ ಮಾಡುವುದೆಂದು ಜನರು ನಂಬಿರುವರು. ಮೆಟ್ಟಿಲುಗಳು ಸಾವಿರಾರು. ಅರ್ಧ ದಾರಿಯಲ್ಲಿ ಮಂಟಪವೊಂದರ ನೆರಳಿನಲ್ಲಿ ದಣಿವಾರಿಸಿಕೊಳ್ಳುತ್ತ, ಎದುರಿನ ಬಂಡೆಯನ್ನು ನೋಡಿದೆವು. ನಮ್ಮ ನಾಡಿನ ಯಾವ ಕಲ್ಲುಬೆಟ್ಟದಲ್ಲಿಯಾದರೂ ಕಾಣುವ ಕರಿಯ ಪಟ್ಟೆಗಳು, ಮಸಿಯನ್ನು ಚೆಲ್ಲಿದಂತೆ, ಮೇಲಿನಿಂದ ಕೆಳಕ್ಕೆ ಇಳಿದಿದ್ದುವು. ಮಳೆಯ ನೀರು ಎಲ್ಲೆಲ್ಲಿ ಹರಿಯುವುದೋ ಅಲ್ಲಲ್ಲಿ ಮಾತ್ರವೇ ಕಪ್ಪು. ಎರಡು ಪಟ್ಟೆಗಳ ನಡುವೆ ಬಂಡೆಯ ಸಹಜವಾದ ಬಣ್ಣ.

"ಇಲ್ಲಿ ಯಾರೂ ದೀಪ ಹಚ್ಚಲಿಲ್ಲ, ಎಣ್ಣೆ ಸುರಿಯಲಿಲ್ಲ. ಹಾಗಾದರೆ ಈ ಕಪ್ಪು ಎಲ್ಲಿಯದು?" ಎಂದು ಮಿತ್ರರು ಕೇಳಿ, ತಾವೇ ಉತ್ತರವನ್ನೂ ಕೊಟ್ಟರು. ಅದು ನೀಲಹಸುರು ಪಾಚಿಯೆಂದು ಹಿಂದಿನವರು ಕರೆದ, ಇಂದಿನ ಶಾಸ್ತ್ರಜ್ಞರು ಸಯನೋಬ್ಯಾಕ್ಟೀರಿಯವೆಂದು ಕರೆಯುವ ಸೂಕ್ಷ್ಮಜೀವಿ. ಭೂಮಿಯ ಅತ್ಯಂತ ಹಳೆಯ ಜೀವಿಗಳಲ್ಲಿ ಇದೊಂದು. ಒರಿಸ್ಸದ ಹಳೆಯ ದೇವಾಲಯಗಳ ಕಪ್ಪಿನಲ್ಲಿಯೂ ಇವನ್ನೇ ಕಂಡಿರುವರು. ಸುಡುವ ಬಂಡೆಯ ಮೇಲೆ, ವರ್ಷದಲ್ಲಿ ಎಷ್ಟೋ ತಿಂಗಳು ನೀರಿಲ್ಲದೆ ಬದುಕಬೇಕಾದ ಈ ಜೀವಿಯು ತನ್ನ ಸುತ್ತಲೂ ಅಂಟಿನ ಕೋಶವನ್ನು ಕಟ್ಟಿಕೊಂಡು, ಅದಕ್ಕೆ ಸೈಟೊನೆಮಿನ್ ಎಂಬ ಹಳದಿಗಂದು ಬಣ್ಣವನ್ನು ಬೆರೆಸುವುದು. ಸೂರ್ಯನ ಅತಿನೇರಿಳೆ ಕಿರಣಗಳನ್ನು ಆ ಬಣ್ಣವು ಹೀರಿ ಒಳಗಿನ ಜೀವವನ್ನು ಕಾಪಾಡುವುದು. ದಟ್ಟವಾಗಿ ಕೂಡಿದಾಗ ಅದೇ ಕಪ್ಪಾಗಿ ತೋರುವುದು. ಈ ಬಣ್ಣಕ್ಕೆ 1849ರಲ್ಲಿಯೇ ಹೆಸರಿಟ್ಟಿದ್ದರೂ ಅದರ ಅಣುವಿನ ರಚನೆ ತಿಳಿದದ್ದು 1993ರಲ್ಲಿ.

"ಎಂದರೆ ಬಿಸಿಲಿಗೆ ಹಿಡಿದ ಕೊಡೆ!" ಎಂದರು ನಮ್ಮ ಮನೆಯಾಕೆ. ಅದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು.

ಬೆಟ್ಟದಿಂದಿಳಿದು ಪಿರಿಯಾಪಟ್ಟಣದ ಹಳೆಯ ಕೋಟೆಯ ಅವಶೇಷಗಳನ್ನು ನೋಡಲು ಹೋಗುವಾಗ ದಾರಿಯುದ್ದಕ್ಕೂ ಹೊಗೆಸೊಪ್ಪಿನ ಹೊಲಗಳೂ ಎಲೆಯನ್ನು ಹದಮಾಡುವ ಗೂಡುಗಳೂ ಕಂಡವು. ಗೂಡಿನ ಒಲೆಯ ಬಾಯಿ ಹೊಗೆಯಿಂದ ಕಪ್ಪಾಗಿದ್ದಿತು. ಈ ಕಪ್ಪನ್ನೂ ಬಂಡೆಯ ಕಪ್ಪನ್ನೂ ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ಭೇದ ಸಿಗದು. ರಾಮನ್ನರ ಬೆಳಕಿಗೆ ಸಿಗುವುದು. ಮಸಿಯೆಂಬುದು ಇಂಗಾಲ, ಅದರ ಗೆರೆಯಲ್ಲಿ ಸುಮಾರು 1350 ಮತ್ತು 1590ರ ಬಳಿ ಎರಡು ಅಗಲವಾದ ದಿಬ್ಬಗಳೇಳುವುವು. (ಈ ಅಂಕಿಗಳು ಬೆಳಕು ಎಷ್ಟು ಸರಿಯಿತೆಂಬುದನ್ನು ಸೆಂಟಿಮೀಟರಿಗೆ ಇಷ್ಟು ಅಲೆಗಳೆಂದು ಅಳೆಯುವಂಥವು.) ಸೈಟೊನೆಮಿನ್ನಿಗೂ 1590ರ ಬಳಿ ಒಂದು ಶಿಖರವುಂಟು, ಆದರೆ ಅದು ಚೂಪಾದುದು, ಅದರ ಜೊತೆಗೆ 1549, 1323, 1172ರ ಸುಮಾರಿನಲ್ಲಿ ಬೇರೆ ಚೂಪು ಶಿಖರಗಳು ನಿಲ್ಲುವುವು. ನಂದಾದೀಪದ ಮಸಿಯೂ ಮಳೆಯ ಪಾಚಿಯೂ ಒಂದೇ ಗೋಡೆಯನ್ನು ಕಪ್ಪುಮಾಡಿದ ಗುಡಿಗಳಲ್ಲಿ ಇದರ ಉಪಯೋಗ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು. ಮಸಿಗೆ ಮದ್ದು ಬೇರೆ, ಪಾಚಿಗೆ ಮದ್ದು ಬೇರೆ.

ಕೋಟೆಯ ಕಲ್ಲುಗಳ ಮೇಲೆ ಬೂದು, ಬಿಳುಪು, ಹಳದಿಯ ಚಕ್ಕೆಗಳಿದ್ದುವು. ನಮ್ಮ ಮನೆಯಾಕೆ ನೋಡಿದೊಡನೆಯೇ "ಇದು ಕಲ್ಲುಹೂವಿನ ಜಾತಿಯಲ್ಲವೆ?" ಎಂದರು. ಅಹುದು. ಸಾಂಬಾರಿನ ಪುಡಿಗೆ ಹಾಕುವ ಕಲ್ಲುಹೂವಿನ ಬಳಗವೇ ಇದು. ಶಿಲೀಂಧ್ರವೂ ಪಾಚಿಯೂ ಒಕ್ಕಲುಗೂಡಿ ಬಾಳುವ ಸಂಸಾರ. ಇವುಗಳಲ್ಲಿ ಕೆಲವು ಆಕ್ಸಾಲಿಕ್ ಆಮ್ಲವನ್ನು ಒಸರಿ ಕಲ್ಲನ್ನು ಮೆಲ್ಲಮೆಲ್ಲನೆ ಕೊರೆಯುವುವು. ಆ ಆಮ್ಲವು ಸುಣ್ಣದ ಅಂಶದೊಡನೆ ಕೂಡಿ ಉಳಿಸುವ ಲವಣವನ್ನೂ ಇದೇ ಬೆಳಕು ಗುರುತಿಸಬಲ್ಲುದು.

ಮೂರನೆಯ ದಿನ ಹುಣಸೂರಿನಿಂದ ತೆಂಕಣಕ್ಕೆ ಹೆಗ್ಗಡದೇವನಕೋಟೆಯ ದಾರಿಯನ್ನು ಹಿಡಿದೆವು. ಕಾಡು ಹತ್ತಿರವಾಗುತ್ತ ಬಂದ ಹಾಗೆ ಗಾಳಿಯಲ್ಲಿ ತೇವ ಹೆಚ್ಚಿತು. ದಾರಿಬದಿಯ ಮರಗಳ ಬೊಡ್ಡೆಯಲ್ಲಿಯೂ ಹಳೆಯ ಗೋಡೆಯೊಂದರ ನೆರಳು ಮೈಯಲ್ಲಿಯೂ ಇಟ್ಟಿಗೆಯ ಬಣ್ಣದ ಮಖಮಲ್ಲಿನಂಥ ಪದರವೊಂದು ಕಂಡಿತು. ಕಾವಿ ಬಳಿದಿರಬೇಕೆಂದು ನಾವು ಭಾವಿಸಿದೆವು. ಅದೂ ಪಾಚಿಯೇ! ಟ್ರೆಂಟಿಪೋಲಿಯ ಎಂದು ಹೆಸರು. ಕುಲದಲ್ಲಿ ಹಸುರು ಪಾಚಿ, ಆದರೆ ಮೈತುಂಬ ಕೆರೋಟಿನ್ ತುಂಬಿಕೊಂಡು ಹಸುರನ್ನು ಮರೆಮಾಡಿರುವುದು. ಗಜ್ಜರಿಗೆ ಬಣ್ಣವನ್ನು ಕೊಡುವ ವಸ್ತುವೇ ಈ ಕೆರೋಟಿನ್. 1831ರಲ್ಲಿ ಮೊದಲು ಬೇರ್ಪಡಿಸಿದ್ದೂ ಗಜ್ಜರಿಯಿಂದಲೇ.

ನಮ್ಮ ಗುಡಿಗಳಲ್ಲಿ ಕೆಂಪಿಗೆ ಎಷ್ಟು ಮೂಲಗಳಿವೆ ನೋಡಿರಿ. ಗೋಡೆಗೆ ಕಾವಿ, ಹನುಮಂತನಿಗೆ ಸಿಂಧೂರ, ಹೊಸ್ತಿಲಿಗೆ ಕುಂಕುಮ. ಇವುಗಳ ನಡುವೆ ಕರೆಯದೆ ಬಂದ ಈ ಪಾಚಿ. ಕಾವಿಯು ಕಬ್ಬಿಣದ ಆಕ್ಸೈಡು. ಅದರ ಶಿಖರಗಳು 225, 292, 411ರ ಸುಮಾರಿನಲ್ಲಿರುವುವು. ಸೀಸದ ಸಿಂಧೂರಕ್ಕೆ 548ರ ಬಳಿ ಶಿಖರವುಂಟು. ಕೆರೋಟಿನ್ ಮತ್ತು ಅದರ ಬಂಧುಗಳಾದರೆ 1005, 1155, 1520ರ ಆಸುಪಾಸಿನಲ್ಲಿ ಮೂರು ಶಿಖರಗಳನ್ನು ತೋರಿಸುವುವು. ಇಟಲಿಯ ಮಟೇರದ ಬಳಿಯ ಗುಹಾದೇಗುಲವೊಂದರ ಭಿತ್ತಿಚಿತ್ರಗಳ ಮೇಲೆ ಹರಡಿದ್ದ ಗುಲಾಬಿ ಕಲೆಯು ಚಿತ್ರಕಾರನ ಬಣ್ಣವಲ್ಲ, ಬ್ಯಾಕ್ಟೀರಿಯದ ಬಣ್ಣವೆಂದು 2007ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಈ ವಿಧಾನವೂ ನೆರವಾಯಿತು. ಬಣ್ಣವೆಂದು ಕಲೆಯನ್ನು ಉಳಿಸಿದರೂ ಕೇಡು. ಕಲೆಯೆಂದು ಹಳಬರ ಬಣ್ಣವನ್ನು ಉಜ್ಜಿದರೆ ಇನ್ನೂ ಕೇಡು.

ಸಂಜೆ ಕಪಿಲೆಯ ಹಿನ್ನೀರಿನ ದಂಡೆಯಲ್ಲಿ ನಿಂತೆವು. ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕೀರ್ತಿಪುರ, ಎಂದರೆ ಈಗಿನವರ ಕಿತ್ತೂರು, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಮಳೆಗಾಲ ಆಗತಾನೆ ಮುಗಿದಿದ್ದುದರಿಂದ ನಮಗೆ ಕಂಡದ್ದು ನೀರು ಮಾತ್ರ. ಒಂದು ರಾಜಧಾನಿಯನ್ನು ನೀರಿಗೆ ಬಿಟ್ಟುದಕ್ಕೆ ಸಾವಿರಾರು ರೈತರ ಗದ್ದೆಗಳು ಫಲವಾಗಿ ದೊರೆತುವು. ನಮ್ಮ ಎಂಟು ಸಾಲುಗಳನ್ನು ಕಳೆದುದಕ್ಕೆ ನಮಗೆ ದೊರೆತುದೇನು? ನಾಲ್ಕು ವರ್ಷದ ಬಿಳುಪು!

ಗುಡಿಗಳ ಕಲ್ಲನ್ನು ಕೆರೆದು ಒಯ್ಯುವುದು ತರವಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಕಾನೂನೂ ಅದನ್ನು ಒಪ್ಪದು. ಆದುದರಿಂದ ಮಿತ್ರರು ನಮ್ಮ ಹಿತ್ತಿಲ ಒಗೆಯುವ ಕಲ್ಲಿನಿಂದ ಒಂದಿಷ್ಟು ಕಪ್ಪನ್ನೂ, ಬಚ್ಚಲ ಗೋಡೆಯಿಂದ ಇಟ್ಟಿಗೆಬಣ್ಣದ ಪದರವನ್ನೂ ಎರಡು ಪೊಟ್ಟಣಗಳಲ್ಲಿ ಕಟ್ಟಿಕೊಂಡು ಹೋದರು. ಹತ್ತು ದಿನಗಳಲ್ಲಿ ಕಾಗದ ಬಂದಿತು. ಎರಡನೆಯ ಪೊಟ್ಟಣದಲ್ಲಿ ಕೆರೋಟಿನ್ನಿನ ಮೂರು ಶಿಖರಗಳೂ ಸೊಗಸಾಗಿ ಎದ್ದಿದ್ದುವು. ಮೊದಲನೆಯದು ಸ್ವಲ್ಪ ಕಾಡಿತಂತೆ. ಹಸುರು ಲೇಸರನ್ನು ಬಿಟ್ಟಾಗ ಅದರೊಳಗಿನ ಪತ್ರಹರಿತ್ತು ತಾನೇ ಬೆಳಗಿ ಎಲ್ಲ ಗೆರೆಗಳನ್ನೂ ಮುಳುಗಿಸಿಬಿಟ್ಟಿತು. ಕಣ್ಣಿಗೆ ಕಾಣದ, 785 ನ್ಯಾನೊಮೀಟರಿನ ಅವಗೆಂಪು ಕಿರಣವನ್ನು ಮಂದವಾಗಿ ಬಿಟ್ಟಮೇಲೆ ಸೈಟೊನೆಮಿನ್ನಿನ ಶಿಖರಗಳು ತಲೆಯೆತ್ತಿದುವು. ಕಿರಣ ತೀಕ್ಷ್ಣವಾದರೆ ಕಪ್ಪು ವಸ್ತು ಸುಟ್ಟು ಮಸಿಯಾಗಿ, ಇಲ್ಲದ ಮಸಿಯನ್ನು ನಾವೇ ಸೃಷ್ಟಿಸಿದಂತಾಗುವುದೆಂದು ಅವರು ಎಚ್ಚರಿಸಿದ್ದರು. ಈ ವಿಧಾನವು ಬಣ್ಣವನ್ನು ಹೇಳುವುದೇ ಹೊರತು ಜೀವಿಯ ಹೆಸರನ್ನು ಹೇಳದೆಂದೂ, ಜೀವವು ಸತ್ತಮೇಲೂ ಬಣ್ಣವು ಉಳಿಯುವುದರಿಂದ ಅದು ಬದುಕಿದೆಯೋ ಇಲ್ಲವೋ ಎಂಬುದಕ್ಕೆ ಸೂಕ್ಷ್ಮದರ್ಶಕವೇ ಮೊದಲಾದ ಬೇರೆ ಪರೀಕ್ಷೆಗಳು ಬೇಕೆಂದೂ ಬರೆದಿದ್ದರು.

ಗಡುವು ಮುಗಿದ ದಿನ ಹಿರಿಯರು ಗುಡಿಯ ಜಗಲಿಯಲ್ಲಿ ಸೇರಿದರು. ನಾವು ಇಪ್ಪತ್ತೆಂಟು ವರ್ಷಗಳ ಹಿಂದಣ ನಮ್ಮ ತಪ್ಪನ್ನು ಮೊದಲು ಒಪ್ಪಿಕೊಂಡು, ಆ ಮೇಲೆ ಕಾಗದವನ್ನು ಓದಿದೆವು. ಅರ್ಚಕರು, "ಪ್ರಾಣವುಳ್ಳದ್ದೆಂದು ಹಾಗೆಯೇ ಬಿಟ್ಟರೆ ಕಲ್ಲಿಗೆ ಕೇಡಿಲ್ಲವೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕೇಡಿಲ್ಲದಿಲ್ಲ. ಆ ಅಂಟಿನ ಪದರ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಕಲ್ಲಿನ ಹುಡಿಯನ್ನು ಸಡಿಲಿಸುವುದು. ಆದರೆ ಅದು ತಲೆಮಾರುಗಳ ಕೆಲಸ. ಆಮ್ಲವೂ ತಂತಿಯ ಕುಂಚವೂ ಅದಕ್ಕಿಂತ ಹೆಚ್ಚಿನದನ್ನು ಒಂದು ಗಂಟೆಯಲ್ಲಿ ಮಾಡುವುವು. ಮೇಲಾಗಿ ಅವು ಕಲ್ಲಿನ ಮೈಯನ್ನು ಒರಟುಮಾಡಿ, ಪಾಚಿಗೆ ಮರಳಿ ನೆಲೆಯೂರಲು ಅನುಕೂಲವನ್ನೂ ಕಲ್ಪಿಸಿಕೊಡುವುವು. ಪಾಚಿಗೆ ಬೇಕಾದುದು ನೀರು. ನೀರನ್ನು ನಿಲ್ಲಿಸಿದರೆ ಅದು ತಾನಾಗಿಯೇ ಸೊರಗುವುದು.

ಎಲ್ಲರೂ ಎದ್ದು ಗುಡಿಯನ್ನು ಸುತ್ತಿ ನೋಡಿದೆವು. ಬೆಟ್ಟದಪುರದ ಬಂಡೆಯಲ್ಲಿ ಕಂಡಂತೆಯೇ ಇಲ್ಲಿಯೂ ಕಪ್ಪು ಎಲ್ಲ ಕಡೆಗೂ ಇರಲಿಲ್ಲ. ಮಾಳಿಗೆಯ ನೀರನ್ನು ದೂರಕ್ಕೆ ಚೆಲ್ಲಬೇಕಾದ ಕಲ್ಲಿನ ದೋಣಿ ಪಡುವಣ ಗೋಡೆಯಲ್ಲಿ ಮುರಿದಿದ್ದಿತು. ಅದರ ಕೆಳಗೆ ಅಡಿಗಲ್ಲಿನವರೆಗೂ ದಟ್ಟವಾದ ಕಪ್ಪು. ಮಾಳಿಗೆಯ ಸಂದಿನಲ್ಲಿ ಅರಳಿಯ ಸಸಿಯೊಂದು ಬೇರುಬಿಟ್ಟಿದ್ದಿತು. ಇಷ್ಟು ವರ್ಷ ಅದರ ಕೆಳಗೇ ಓಡಾಡಿದ ನಾವು ಯಾರೂ ತಲೆಯೆತ್ತಿ ನೋಡಿರಲಿಲ್ಲ. ಅಡಿಗಲ್ಲಿನ ಪಟ್ಟಿಯಲ್ಲಿ ಇನ್ನೂ ಓದದೆ ಉಳಿದ ಒಂದೂವರೆ ಸಾಲು ಬರಹವಿರುವುದು ಊರಿಗೆಲ್ಲ ಗೊತ್ತು. ಆಮ್ಲವು ಮೊದಲು ಬೀಳುತ್ತಿದ್ದುದು ಅದರ ಮೇಲೆಯೇ.

ಕೂಲಿಯವರಿಗೆ ಬೇಡವೆಂದು ಹೇಳಿ ಕಳುಹಿಸಲಾಯಿತು. ದೋಣಿಯನ್ನು ಸರಿಪಡಿಸುವುದೆಂದೂ, ಸಸಿಯನ್ನು ಬೇರುಸಹಿತ ತೆಗೆಯಿಸುವುದೆಂದೂ, ಬರಹವಿಲ್ಲದ ಕಡೆಗಳನ್ನು ಮಾತ್ರ ಬರಿಯ ನೀರಿನಿಂದ ಮೆತ್ತನೆಯ ನಾರಿನ ಕುಂಚದಿಂದ ತೊಳೆಯುವುದೆಂದೂ ನಿಶ್ಚಯವಾಯಿತು. ಬರಹದ ಅಚ್ಚನ್ನು ತೆಗೆದುಕೊಳ್ಳಬೇಕೆಂದು ಮೈಸೂರಿನ ಪುರಾತತ್ವ ಇಲಾಖೆಗೆ ಅರ್ಜಿ ಬರೆದೆವು. ಅದು ಬರುವವರೆಗೆ ಇರಲಿ ಎಂದು, ಒಂದು ರಾತ್ರಿ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು ಆ ಸಾಲುಗಳ ಛಾಯಾಚಿತ್ರವನ್ನೂ ತೆಗೆಯಿಸಿದೆವು. ಎದುರು ಬೆಳಕಿನಲ್ಲಿ ಕಾಣದ ಅಕ್ಷರಗಳು ಓರೆಬೆಳಕಿನಲ್ಲಿ ನೆರಳಿನಿಂದ ಎದ್ದು ಕಾಣುವುವು. ಇದನ್ನು ಯಾವ ಊರಿನವರಾದರೂ ಮಾಡಬಹುದು.

ಜಾತ್ರೆಯು ಸಾಂಗವಾಗಿ ನೆರವೇರಿತು. ಗೋಡೆ ಕಪ್ಪಾಗಿಯೇ ಇದ್ದಿತೆಂದು ದೂರದ ನೆಂಟರೊಬ್ಬರು ಆಡಿಕೊಂಡರಂತೆ. ದೋಣಿಯ ಖರ್ಚು ಆಮ್ಲದ ಖರ್ಚಿಗಿಂತ ಕಡಿಮೆಯಾಗಿಯೇ ಮುಗಿಯಿತು. ಚಂದಾಪುಸ್ತಕದಲ್ಲಿ ಈ ಸಾರಿ ನಮ್ಮ ಹೆಸರನ್ನು ನಾವೇ ಮೊದಲು ಬರೆದೆವು.